ಹಗುರ ಮುಚ್ಚಳ

ಗುರುವಾರ ಸಂಜೆ ನಾಲ್ಕೂ ಮುಕ್ಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈಯಲ್ಲಿ ಒಂದು ಹೆಲ್ಮೆಟ್ಟಿತ್ತು. ಹಣೆಯ ಭಾಗದಲ್ಲಿ ಅದು ಬಿದ್ದ ಮಡಕೆಯ ಹಾಗೆ ಸೀಳಿಹೋಗಿತ್ತು.

"ಕೂತ್ಕೊಳಮ್ಮ," ಅಂದ ರೈಟರ್. ಠಾಣೆಯ ಬರವಣಿಗೆಯೆಲ್ಲ ಅವನದೇ. ಬರೆಯುವುದಕ್ಕಿಂತ ಮಾತೇ ಹೆಚ್ಚು ಅನ್ನುವುದು ಉಳಿದವರ ದೂರು.

"ಕೂತ್ರೆ ಮತ್ತೆ ಏಳಕ್ಕಾಗಲ್ಲ ಸಾರ್. ನಿಂತೇ ಹೇಳ್ತೀನಿ."

ಇನ್ಸ್‌ಪೆಕ್ಟರ್ ಒಳಗಿನಿಂದ ಎದ್ದು ಬಂದರು. ಹೆಂಗಸಿನ ಪರಿಚಯ ಅವರಿಗಿತ್ತು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಟೀಚರ್. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವರ್ಷದಿಂದ ಕೊಳವೆ ಬೆಸೆದು, ಹಳೆಯ ಎಂಜಿನ್ ಕೂರಿಸಿ, ರೇಸ್ ಕಾರು ಕಟ್ಟುತ್ತಿದ್ದಾಳೆ ಅನ್ನುವುದೂ ಕಿವಿಗೆ ಬಿದ್ದಿತ್ತು. ಭಾನುವಾರ ಅದರ ಮೊದಲ ಸ್ಪರ್ಧೆ.

ಆಕೆ ಹೇಳಿದ್ದಿಷ್ಟು. ಆ ಮಧ್ಯಾಹ್ನ ಟ್ರ್ಯಾಕಿನಲ್ಲಿ ಓಡಿಸಿ ನೋಡುವಾಗ ಕಾರಿನ ಮುಂದಿನ ಮುಚ್ಚಳ ಕಿತ್ತುಕೊಂಡು ಮುಖಕ್ಕೆ ಬಡಿಯಿತು. ಕಾರಿಗೆ ಮುಂದಿನ ಗಾಜಿಲ್ಲ. ಕಾರು ಎರಡು ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತಿತು. ಇಳಿದು ನೋಡಿದರೆ ಮುಚ್ಚಳ ಹಿಡಿಯುವ ನಾಲ್ಕು ಪಿನ್ನುಗಳಲ್ಲಿ ಮುಂದಿನ ಎರಡಕ್ಕೆ, ಅವು ಕಳಚದಂತೆ ತಡೆಯುವ ಕ್ಲಿಪ್ಪೇ ಇರಲಿಲ್ಲ.

"ನೀನೇ ಮರ್ತಿರಬಹುದಲ್ವಾಮ್ಮ?" ಇನ್ಸ್‌ಪೆಕ್ಟರ್ ಕೇಳಿದರು.

"ಮಂಗಳವಾರ ನನ್ನ ಕೈಯಾರೆ ಹಾಕ್ದೆ ಸಾರ್. ಅದುರಿ ಸದ್ದು ಮಾಡಬಾರ್ದು ಅಂತ ಮೇಲೆ ಕಪ್ಪು ಟೇಪು ಸುತ್ತಿದ್ದೆ. ಇವತ್ತು ಟೇಪಿತ್ತು. ಒಳಗೆ ಕ್ಲಿಪ್ಪಿರಲಿಲ್ಲ, ದಾರ ಇತ್ತು. ಬಿಚ್ಚಿ, ತೆಗ್ದು, ದಾರ ಕಟ್ಟಿ, ಮತ್ತೆ ಟೇಪು ಸುತ್ತಿದಾರೆ."

ರೈಟರ್ ಪೆನ್ನು ಎತ್ತಿದವನು ಎತ್ತಿದ ಹಾಗೇ ಉಳಿದ.

"ಶೆಡ್ಡಿನ ಕೀಲಿ ಯಾರ ಹತ್ರ ಇದೆ?"

ಆಕೆ ಹೆಲ್ಮೆಟ್ಟಿನ ಬಿರುಕಿನ ಮೇಲೆ ಬೆರಳಾಡಿಸಿದಳು. "ಒಂದು ನಮ್ಮನೆ ಅಡುಗೆಮನೆ ಮೊಳೇಲಿ ತೂಗಾಡ್ತಿರುತ್ತೆ. ಇನ್ನೊಂದು ಅದೇ ಮನೇಲಿರೋ ನಮ್ಮಣ್ಣನ ಹತ್ರ. ಬೀಗ ಒಡೆದಿಲ್ಲ ಸಾರ್. ಅದಕ್ಕೇ ಮನೆಗೆ ಹೋಗ್ದೆ ಸೀದಾ ಇಲ್ಲಿಗೆ ಬಂದೆ."

ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕಳ್ಳ ಹೊರಗಿನವನಾದರೆ ಬಾಗಿಲು ಭದ್ರ ಮಾಡಿ ಅನ್ನಬಹುದು. ಒಳಗೇ ಇರುವವನಾದರೆ ಏನನ್ನಬೇಕು?

"ಭಾನುವಾರ ಓಡಿಸಬೇಡಮ್ಮ."

"ಓಡಿಸ್ತೀನಿ. ನಾನೇ ಹೆದರಿ ಇಳಿದ್ರೆ, ನನ್ನ ಹತ್ರ ಕಲಿಯೋರು ನಾಳೆ ಸ್ಟೀರಿಂಗ್ ಮುಟ್ತಾರಾ? ನೀವು ಅಷ್ಟರೊಳಗೆ ಹಿಡೀರಿ."

ಎಫ್ಐಆರ್ ದಾಖಲಾಯಿತು. ಆ ರಾತ್ರಿ ಆಕೆ ಗೆಳತಿಯ ಮನೆಯಲ್ಲಿ ಮಲಗಿದಳು. ಇನ್ಸ್‌ಪೆಕ್ಟರಿಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನಲ್ಲಿ ಪಂಚನಾಮೆ. ನಡುವೆ ಮೂತಿ ಕಳೆದುಕೊಂಡ ಕಾರು. ಪಕ್ಕದಲ್ಲಿ ನಡುವೆ ಸೀಳಿದ ಫೈಬರ್ ಮುಚ್ಚಳ. ಗೋಡೆಯ ಮೇಲೆ ಅದೇ ಅಳತೆಯ ಇನ್ನೊಂದು, ಅಲ್ಯುಮಿನಿಯಂ ತಗಡಿನದು, ಮದುವೆಗೆ ಕರೆಯದ ನೆಂಟನ ಹಾಗೆ ಮುಖ ಊದಿಸಿಕೊಂಡು ನೇತಾಡುತ್ತಿತ್ತು.

"ಅದು ನಂದು," ಅಂದ ಅಣ್ಣ. ತಗಡು ಬಡಿಯುವ ಕೆಲಸದವನು, ಮಾತೂ ಸುತ್ತಿಗೆಯ ಹಾಗೇ. "ಒಂದು ತಿಂಗಳು ಬಡ್ದೆ. ಒಂದು ಸುಕ್ಕಿಲ್ಲ ನೋಡಿ. ಇವ್ಳು ಆ ಪ್ಲಾಸ್ಟಿಕ್ ಬೋಗುಣಿ ಆರಿಸಿದ್ಳು!"

"ಅದಕ್ಕೆ 'ಗಾಳಿಗೆ ಹಾರಿಹೋಗ್ಲಿ ನಿನ್ನ ಬೋಗುಣಿ' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ಯಂತೆ," ಅಂದರು ಇನ್ಸ್‌ಪೆಕ್ಟರ್.

ಅಣ್ಣ ಒಪ್ಪಿಕೊಂಡ. "ಅಂದೆ ಸಾರ್. ಬಾಯಿ ನನ್ನ ಮಾತು ಕೇಳಲ್ಲ. ಆದ್ರೆ ಅವಳು ನನ್ನ ಬೆನ್ನ ಮೇಲೆ ಆಡಿ ಬೆಳೆದೋಳು." ಮೂಗು ಒರೆಸಿಕೊಂಡ. "ನಾನು ಮಾಡಿದ್ರೆ ದಾರ ಯಾಕೆ ಕಟ್ತೀನಿ? ತಂತಿ ಕಟ್ತೀನಿ. ಈ ಬೆರಳಿಗೆ ದಾರ ಎಲ್ಲಿ ಸಿಗುತ್ತೆ?"

ಚಾಚಿದ ಬೆರಳುಗಳು ಕಡುಬಿನ ಹಾಗಿದ್ದವು. ಇನ್ಸ್‌ಪೆಕ್ಟರ್ ಬಗ್ಗಿ ಪಿನ್ನಿನಲ್ಲಿ ಉಳಿದ ದಾರ ನೋಡಿದರು. ಕಪ್ಪು ನೂಲು, ಕ್ಲಿಪ್ಪು ಕೂರುವ ತೂತಿನಲ್ಲಿ ಮೂರು ಸಲ ಸುತ್ತಿದೆ. ಗಂಟಿಲ್ಲ. ಬಿಗಿಯಾಗಿರಲಿ ಅಂತ ಕಟ್ಟಿದ್ದಲ್ಲ, ಸುಲಭವಾಗಿ ಬಿಡಲಿ ಅಂತ ಸುತ್ತಿದ್ದು. ಪಂಚರ ಮುಂದೆ ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿಸಿದರು.

"ಈ ಫೈಬರ್ ಆರಿಸಿದ್ದು ನಿನ್ನ ತಂಗೀನೇನಾ?"

"ಅವಳಿಗೂ ಮೊದ್ಲು ತಗಡೇ ಇಷ್ಟ ಇತ್ತು. ಹೋದ ತಿಂಗಳು ಅವಳ ಗಂಡ, ನಮ್ಮ ಭಾವ, ಹಟ ಹಿಡಿದ್ರು, ಫೈಬರ್ರೇ ಆಗಬೇಕು ಅಂತ. ಕಾರಿನ ವಿಷ್ಯಕ್ಕೆ ಬಾಯೇ ಹಾಕದೋರು, ಅವತ್ತು ಊಟ ಬಿಟ್ಟು ಕೂತ್ರು."

ಟೀಚರ್ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಇವರು ಒಳಗೆ ಹೋದಾಗ ಮಷಿನ್ನಿನ ಮುಂದೆ ಕೂತಿದ್ದ, ಆದರೆ ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಕಣ್ಣು ಕೆಂಪಗಿತ್ತು.

"ಅವಳು ಹೇಗಿದಾಳೆ ಸಾರ್?"

"ಚೆನ್ನಾಗಿದಾಳೆ. ಮುಚ್ಚಳದ ವಿಷಯ ಹೇಳಪ್ಪ. ತಗಡು ಬೇಡ ಅಂದಿದ್ದು ನೀನಾ?"

"ಹೌದು ಸಾರ್. ತಗಡಾಗಿದ್ರೆ ಏನು ಗತಿ? ಅಂಚು ಕತ್ತಿ ಥರ. ಹಾರಿ ಬಂದಿದ್ರೆ ಕತ್ತೇ ಹೋಗ್ತಿತ್ತು. ಫೈಬರ್ ಹಗುರ, ಬಡಿದ್ರೂ ಮುರಿದುಹೋಗುತ್ತೆ. ಅದಕ್ಕೇ ಅದನ್ನ ಆರಿಸಿದ್ದು."

ರೈಟರ್‌ನ ಪೆನ್ನು ಓಡುತ್ತಿತ್ತು. ಇನ್ಸ್‌ಪೆಕ್ಟರ್ ಅವನ ಕೈ ಹಿಡಿದು ನಿಲ್ಲಿಸಿದರು.

"ಕಡೇ ಮಾತು ಇನ್ನೊಂದು ಸಲ ಹೇಳು."

"ಅದಕ್ಕೇ ಆರಿಸಿ..." ದರ್ಜಿ ಅಲ್ಲಿಗೇ ನಿಂತ.

"ಮುಚ್ಚಳ ಹಾರಿದ್ದು ನಿನ್ನೆ. ಆರಿಸಿದ್ದು ಹೋದ ತಿಂಗಳು. ಹಾರುತ್ತೆ ಅಂತ ಆವಾಗ್ಲೇ ಗೊತ್ತಿತ್ತಾ?"

ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ದರ್ಜಿಯ ಕಾಲು ತನ್ನಷ್ಟಕ್ಕೆ ಮಷಿನ್ನಿನ ಪೆಡಲು ಒತ್ತಿತು. ಬರಿಸೂಜಿ ನಾಲ್ಕು ಸಲ ಕಟಕಟ ಅಂದು ನಿಂತಿತು.

"ಕಚ್ಚಾ ಹೊಲಿಗೆಗೆ ಗಂಟು ಹಾಕ್ತೀಯಾ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದರು.

"ಇಲ್ಲ ಸಾರ್. ಅಳತೆ ನೋಡಿದ ಮೇಲೆ ಎಳೆದು ತೆಗೀಬೇಕಲ್ಲ." ಹೇಳಿಯಾದ ಮೇಲೆ ಅವನಿಗೆ ಹೊಳೆಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಕಪಾಟಿನಿಂದ ಗುಂಡಿ ಡಬ್ಬಿಯನ್ನು ಅವನೇ ತೆಗೆದುಕೊಟ್ಟ. ಬಣ್ಣಬಣ್ಣದ ಗುಂಡಿಗಳ ನಡುವೆ ಎರಡು ಉಕ್ಕಿನ ಕ್ಲಿಪ್ಪುಗಳು ಹೊಳೆದವು.

"ಯಾಕೆ ಬಿಸಾಕ್ಲಿಲ್ಲ?"

"ಅವಳ ಸಾಮಾನು ಸಾರ್. ಮನಸ್ಸು ಬರ್ಲಿಲ್ಲ." ಆಮೇಲೆ ಮಾತು ದಾರದುಂಡೆ ಉರುಳಿದ ಹಾಗೆ ಬಿಚ್ಚಿಕೊಂಡಿತು. "ಪ್ರತಿ ಸಲ ಮೊದ್ಲು ಸ್ಕೂಲ್ ಮೈದಾನದಲ್ಲೇ ನಿಧಾನಕ್ಕೆ ಒಂದು ಸುತ್ತು ಹೋಗ್ತಾಳೆ. ಅಲ್ಲೇ ಕಿತ್ತು ಬರುತ್ತೆ, ಸ್ವಲ್ಪ ಹೆದರ್ತಾಳೆ, 'ಈ ಕಾರು ಸಾಕು' ಅಂತಾಳೆ ಅನ್ಕೊಂಡೆ. ನಿನ್ನೆ ಮೈದಾನಕ್ಕೆ ಬಣ್ಣದ ಗೆರೆ ಹೊಡೀತಿದ್ರಂತೆ. ಸೀದಾ ಟ್ರ್ಯಾಕಿಗೆ ಹೋದ್ಲು. ಅಲ್ಲಿಗೆ ಹೋದ್ಲು ಅಂತ ಗೊತ್ತಾದಾಗ ಓಡ್ದೆ ಸಾರ್, ಚಪ್ಪಲಿ ಕೂಡ ಹಾಕ್ದೆ. ಅಷ್ಟರಲ್ಲಿ..."

ಅವನ ಪಾದದ ಗಾಯಗಳನ್ನು ಇನ್ಸ್‌ಪೆಕ್ಟರ್ ಗಮನಿಸಿದ್ದು ಆಗಲೇ.

ಮಧ್ಯಾಹ್ನ ಹನ್ನೆರಡಕ್ಕೆ ಬಂಧನವಾಯಿತು. ಠಾಣೆಯಲ್ಲಿ ರೈಟರ್ ನಿಯಮದಂತೆ ಕೇಳಿದ: "ಬಂಧನದ ವಿಷಯ ಮನೆಯವರಲ್ಲಿ ಯಾರಿಗೆ ತಿಳಿಸ್ಬೇಕು?"

"ನನಗೆ ಇರೋದು ಅವಳೊಬ್ಬಳೇ."

ರೈಟರ್ ಇನ್ಸ್‌ಪೆಕ್ಟರ್ ಮುಖ ನೋಡಿದ. ದೂರು ಕೊಟ್ಟವಳಿಗೇ ತಿಳಿಸಬೇಕು. ಫೋನನ್ನು ಇನ್ಸ್‌ಪೆಕ್ಟರೇ ಮಾಡಿದರು.

ಬಂದವಳು ಅಳಲಿಲ್ಲ, ಕಿರುಚಲಿಲ್ಲ. ಸರಳಿನಿಂದ ಒಂದು ಮಾರು ದೂರ ನಿಂತಳು. "ನಿನ್ನೆ ಸಂಜೆಯಿಂದ ಅಣ್ಣನ್ನ ಅನುಮಾನಿಸ್ದೆ. ನಿಮ್ಮನ್ನಲ್ಲ."

ದರ್ಜಿ ಅಂಗಿಯ ಗುಂಡಿ ತಿರುವುತ್ತಾ ಕೂತ.

"ಭಯ ಆಗುತ್ತೆ ಅನ್ನಕ್ಕೆ ಬಾಯಿರಲಿಲ್ವಾ?"

"ಮದುವೆ ದಿನ ಮಾತು ಕೊಟ್ಟಿದ್ನಲ್ಲ, ನಿನ್ನ ದಾರಿಗೆ ಅಡ್ಡ ಬರಲ್ಲ ಅಂತ."

"ಅದಕ್ಕೆ ಹಿಂದಿನಿಂದ ಬಂದ್ರಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಂಗೂ ಭಯ ಆಗುತ್ತೆ ಕಣ್ರೀ. ಪ್ರತಿ ಸಲ. ಆವಾಗ ಪಿನ್ನು ಮುಟ್ಟಿ ನೋಡ್ತಿದ್ದೆ, ಧೈರ್ಯ ಬರ್ತಿತ್ತು. ಇನ್ನು ಏನನ್ನ ಮುಟ್ಲಿ?"

ಅವಳು ಹೊರಟವಳು ಬಾಗಿಲಲ್ಲಿ ತಿರುಗಿದಳು. "ಫೈಬರ್ ಒಡೆದೋಯ್ತು. ಭಾನುವಾರಕ್ಕೆ ಇರೋದು ಅಣ್ಣನ ತಗಡು ಒಂದೇ. ಅದನ್ನೇ ಹಾಕಿಸ್ತಿದೀನಿ."

ದರ್ಜಿ ಸರಳಿಗೆ ಬಂದು ಬಿದ್ದ. "ಬೇಡ! ಅದರ ಅಂಚು..."

"ಗೊತ್ತು," ಅಂದು ಅವಳು ಮೆಟ್ಟಿಲಿಳಿದಳು.

ರೈಟರ್ ಕಾಗದ ಎಳೆದುಕೊಂಡ. "ಸಾರ್, ಕೃತ್ಯಕ್ಕೆ ಕಾರಣ ಅಂತ ಏನು ಬರೀಲಿ? ದ್ವೇಷ ಅಲ್ಲ, ಆಸ್ತಿ ಅಲ್ಲ. ಹೆಂಡ್ತಿ ಉಳೀಲಿ ಅಂತ ಹೆಂಡ್ತೀನೇ ಸಾಯ್ಸೋಕೆ ಹೋದ ಅಂದ್ರೆ ಕೋರ್ಟಲ್ಲಿ ನಗ್ತಾರೆ."

"ಭಯ ಅಂತ ಬರಿ. ಯಾರೂ ನಗಲ್ಲ."

ಒಳಗಿನಿಂದ ದರ್ಜಿಯ ದನಿ ಬಂತು, ಸಣ್ಣಗೆ. "ಸಾರ್, ಅವಳಿಗೆ ಫೋನ್ ಮಾಡಿ ಕೇಳ್ತೀರಾ? ತಗಡಿಗೆ ಎಷ್ಟು ಪಿನ್ನು ಹಾಕಿಸ್ತಿದಾಳೆ ಅಂತ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದುಕೊಂಡು ಶೆಡ್ಡಿನ ಕಡೆ ನಡೆದರು. ಕೇಳುವುದಕ್ಕಲ್ಲ, ಪಿನ್ನು ಮುಟ್ಟಿ ನೋಡುವುದಕ್ಕೆ.