'ಹಿಂದಿನ ರಾತ್ರಿ' ಎಂದು ಬರೆದವರು

ಗುರುವಾರ ಬೆಳಿಗ್ಗೆ ಮಂಜು ಗಾಜಿನ ಮನೆಯ ಮೇಲೆ ಇನ್ನೂ ತೂಕಡಿಸುತ್ತಿತ್ತು. ಒಳಗೆ ಮಾಲಿ ಹೆಂಗಸು ನೀರಿನ ಕ್ಯಾನ್ ಕೈಬಿಟ್ಟು ನಿಂತಿದ್ದಳು. ಇಪ್ಪತ್ತು ವರ್ಷ ಕಾಯಿಸಿ ಬುಧವಾರ ಸಂಜೆ ಅರಳಿದ್ದ ಬಿಳಿ ಹೂ ಮಾಯ. ತೊಟ್ಟನ್ನು ಬ್ಲೇಡಿನಿಂದ ನುಣ್ಣಗೆ ಕೊಯ್ದಿದ್ದರು. ಬೀಗ ಒಡೆದಿರಲಿಲ್ಲ.

* * *

ಸೋಮವಾರ ಉದ್ಯಾನದ ನಿರ್ದೇಶಕರು ಅನುವಾದಕಿಯನ್ನು ಕರೆಸಿದರು. ಅಲ್ಲಿನ ಇಂಗ್ಲಿಷ್ ವರದಿಗಳನ್ನು ತಿದ್ದುವುದು ಅವಳ ಕೆಲಸ.

"ಇದು ಮಾಲಿ ಗುರುವಾರ ಬರೆದುಕೊಟ್ಟ ಹೇಳಿಕೆ. 'ಐ ಗಿವ್ ಕೀ ಟು ಸೂಪರ್‌ವೈಸರ್ ಬಿಫೋರ್ ಟೂ ಡೇಸ್.' ಎರಡು ದಿನದೊಳಗೆ ಕೊಡ್ತೀನಿ ಅಂತ ತಾನೇ? ಅಂದ್ರೆ ಕೀ ಅವಳ ಹತ್ರಾನೇ ಇತ್ತು. ಇವತ್ತೇ ಕೆಲಸದಿಂದ ತೆಗೀತೀನಿ."

"ದುಡುಕಬೇಡಿ ಸಾರ್. 'ಎರಡು ದಿನದ ಮುಂಚೆ' ಅನ್ನೋದನ್ನ ಪದಕ್ಕೆ ಪದ ಇಟ್ಟಿದಾಳೆ. 'ಟೂ ಡೇಸ್ ಅಗೋ' ಅನ್ನಬೇಕಿತ್ತು. ಮಂಗಳವಾರಾನೇ ಕೀ ಕೊಟ್ಟೆ ಅಂತಿದಾಳೆ."

"ಹಾಗಾದ್ರೆ ಸೂಪರ್‌ವೈಸರ್ ದಿನಚರಿ ಸುಳ್ಳಾ?"

ಅವರು ದಿನಚರಿ ಪುಸ್ತಕವನ್ನು ಅವಳತ್ತ ತಳ್ಳಿದರು. ಗುರುವಾರದ ಪುಟ. ಅಚ್ಚುಕಟ್ಟಾದ ಇಂಗ್ಲಿಷ್. 'ದ ಪ್ರೀವಿಯಸ್ ನೈಟ್' ಮಾಲಿ ಕೀ ಹಿಡಿದು ಒಳಗೆ ಹೋದಳು. ಒಂದೂ ತಪ್ಪಿಲ್ಲ. ಆದರೂ ಅನುವಾದಕಿಗೆ ಏನೋ ಕಸಿವಿಸಿ. ಹಿಂದಿನ ಪುಟಗಳನ್ನು ಮಗುಚುತ್ತಾ ಹೋದಳು.

* * *

ಗಾಜಿನ ಮನೆಯೊಳಗೆ ಬೆಳಕು ಹಸಿರಾಗಿ, ನೀರಿನ ತಳದಲ್ಲಿದ್ದಂತೆ ತೇಲುತ್ತಿತ್ತು. ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಲ್ಲಿ ಮಾತು ತಾನಾಗಿಯೇ ಮೆಲ್ಲಗಾಗುತ್ತಿತ್ತು.

"ಇದನ್ನ ಯಾವಾಗ ಬರೆದ್ರಿ?" ನಿರ್ದೇಶಕರ ಎದುರೇ ದಿನಚರಿಯ ಗುರುವಾರದ ಪುಟ ತೋರಿಸಿ ಅನುವಾದಕಿ ಸೂಪರ್‌ವೈಸರನ್ನು ಕೇಳಿದಳು.

"ಗುರುವಾರ ಬೆಳಿಗ್ಗೆ. ಏಳು ಗಂಟೆಗೆ."

"ಹೋದ ತಿಂಗಳು ಹೀಟರ್ ಕೆಟ್ಟಾಗ 'ಲಾಸ್ಟ್ ನೈಟ್' ಅಂತ ಬರೆದಿದೀರಿ. ಗಾಜು ಒಡೆದಾಗಲೂ ಅಷ್ಟೇ. ಹನ್ನೊಂದು ಕಡೆ ಎಣಿಸಿದೆ. ಈ ಪುಟದಲ್ಲಿ ಮಾತ್ರ 'ದ ಪ್ರೀವಿಯಸ್ ನೈಟ್'. ಯಾಕೆ?"

"ಎರಡೂ ಒಂದೇ ಅಲ್ವಾ?"

"ಮಾರನೇ ದಿನಾನೇ ಬರೆಯೋರಿಗೆ ಅದು 'ಲಾಸ್ಟ್ ನೈಟ್'. ದಿನಗಳು ಕಳೆದ ಮೇಲೆ ತಿರುಗಿ ನೋಡೋರಿಗೆ 'ಪ್ರೀವಿಯಸ್ ನೈಟ್'. ನಮ್ಮ ಮಾತಲ್ಲೂ ಹಾಗೇ ತಾನೇ? ಬೆಳಿಗ್ಗೆ ಎದ್ದು 'ನಿನ್ನೆ ರಾತ್ರಿ' ಅಂತೀವಿ, 'ಹಿಂದಿನ ರಾತ್ರಿ' ಅನ್ನಲ್ಲ. ಈ ಪುಟ ಖಾಲಿ ಬಿಟ್ಟಿದ್ರಿ. ತನಿಖೆ ಅಂತ ಗೊತ್ತಾದ ಮೇಲೆ ತುಂಬಿಸಿದ್ರಿ. ಕೀ ನಿಮ್ಮ ಹತ್ರಾನೇ ಇತ್ತು."

ಸೂಪರ್‌ವೈಸರ್ ಗಿಡದ ಕಟ್ಟೆಯ ಮೇಲೆ ಕುಸಿದು ಕೂತ. ಜೇಬಿನಿಂದ ಕೀ ತೆಗೆದು ಪಕ್ಕದಲ್ಲಿಟ್ಟ.

"ಗಿಡ ನೆಟ್ಟಿದ್ದು ನಮ್ಮಪ್ಪ. ಹೂ ನೋಡದೇ ಹೋಗ್ಬಿಟ್ರು. ಅಮ್ಮ ಹಾಸಿಗೆಯಿಂದ ಏಳಲ್ಲ. ಒಂದು ಸಲ ತೋರಿಸೋಣ ಅಂತ... ಬೆಳಿಗ್ಗೆ ಗಲಾಟೆ ನೋಡಿ ಹೆದರಿಬಿಟ್ಟೆ. ಆಮೇಲೆ ತಪ್ಪನ್ನ ಮಾಲಿ ಮೇಲೆ ಹಾಕಿ ಬರೆದೆ."

ನಿರ್ದೇಶಕರು ಸಿಟ್ಟಿನಿಂದ ಏನೋ ಹೇಳಹೊರಟರು. ಬಾಗಿಲಲ್ಲಿದ್ದ ಮಾಲಿ ಮುಂದೆ ಬಂದಳು.

"ಅಮ್ಮ ಹೂ ನೋಡಿದ್ರಾ ಸಾರ್?"

"ನೋಡಿದ್ರು. ಮೂಗಿನ ಹತ್ರ ಹಿಡ್ಕೊಂಡು ಅಪ್ಪನ್ನ ಕರೆದ್ರು. ಪಕ್ಕದ ಕೋಣೇಲೇ ಇದಾರೇನೋ ಅನ್ನೋ ಹಾಗೆ."

ಮಾಲಿಯ ಕಣ್ಣು ತುಂಬಿತು.

"ಕೇಳಿದ್ರೆ ನಾನೇ ಅವರನ್ನ ಕುರ್ಚೀಲಿ ಕೂರಿಸಿ ಇಲ್ಲಿಗೆ ಎತ್ಕೊಂಡು ಬರ್ತಿದ್ದೆ," ಎಂದಳು. "ನನ್ನ ಯಾಕೆ ಕಳ್ಳಿ ಮಾಡಿದ್ರಿ?"