ಕೊನೆಯ ಅಂಕಿ ಒಂಬತ್ತು

ಗುರುವಾರ ಹನ್ನೊಂದು ಗಂಟೆಗೆ ಅವಳು ಮೆಟ್ಟಿಲಿಳಿದು ಬರುತ್ತಾಳೆಂದರೆ ಅವನು ಹತ್ತೂವರೆಯಿಂದಲೇ ಕನ್ನಡಕ ಒರೆಸುತ್ತಾ ಕೂರುತ್ತಿದ್ದ. ಅವಳು ಬಂದು ಒಂದು ಚೀಟಿ ಕೊಟ್ಟು, "ಇದು ಈ ವಾರದ್ದು" ಎನ್ನುತ್ತಿದ್ದಳು. ಅವನು "ಆಯ್ತು" ಎನ್ನುತ್ತಿದ್ದ. ಮೂರು ವರ್ಷದ ಪ್ರೀತಿಯಲ್ಲಿ ನಡೆದ ಮಾತುಕತೆ ಇಷ್ಟೇ. ಇಡೀ ವರ್ಕ್‌ಶಾಪ್ ಅವನಿಗೆ 'ಆಯ್ತಣ್ಣ' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವಳಿಗೂ ಒಂದು ಅಡ್ಡಹೆಸರಿತ್ತು, ನಂಬರಮ್ಮ. ದುಬಾರಿ ಕೈಗಡಿಯಾರ ತಯಾರಿಸುವ ಆ ಕಂಪನಿಯಲ್ಲಿ ಹೊಸ ಮಾಡೆಲ್ ಹುಟ್ಟಿದರೆ ಅದಕ್ಕೆ ಆರಂಕಿಯ ನಂಬರು ಕೊಡುವವಳು ಅವಳು, ಅದನ್ನು ಹಿಂಬದಿಯ ಮುಚ್ಚಳದ ಮೇಲೆ ಉಳಿಯಿಂದ ಕೆತ್ತುವವನು ಇವನು. ಮೊದಲ ಮೂರು ಅಂಕಿ ವಾಚಿನ ವಂಶ ಹೇಳುತ್ತಿದ್ದವು. ನಾಲ್ಕನೆಯದು ಗಾತ್ರ, ಐದನೆಯದು ಗಾಜಿನ ಸುತ್ತಲ ಅಂಚು, ಕೊನೆಯದು ಲೋಹ. ಸ್ಟೀಲಿಗೆ ಸೊನ್ನೆ, ಕೆಂಪು ಬಂಗಾರಕ್ಕೆ ಐದು, ಹಳದಿ ಬಂಗಾರಕ್ಕೆ ಎಂಟು. ಐವತ್ತು ವರ್ಷದ ಮೇಲೆ ಯಾರೋ ಗಾಜು ಒಡೆದುಕೊಂಡು ಬಂದರೂ ಆ ನಂಬರು ನೋಡಿಯೇ ಹೊಸ ಗಾಜು ಹುಡುಕಬೇಕು. ಅದಕ್ಕೇ ಅಲ್ಲಿ ಅಂಕಿ ತಪ್ಪುವುದೆಂದರೆ ಮಹಾಪರಾಧ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಒಂದೇ ಒಂದು ಅಂಕಿ ತಪ್ಪಿ ಮನೆ ಸೇರಿದ್ದರು.

ಈ ಗುರುವಾರ ಅವಳು ಚೀಟಿ ಕೊಟ್ಟವಳು ಹೋಗಲಿಲ್ಲ. ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತಾ ನಿಂತಳು. ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲು ಜಾರುತ್ತಿತ್ತು.

"ಏನಾದ್ರೂ ಕೇಳೋದಿದ್ಯಾ?"

ಅವನ ಎದೆಯೊಳಗೆ ಅವಲಕ್ಕಿ ಕುಟ್ಟತೊಡಗಿತು. "ಇಲ್ಲ... ಆಯ್ತು."

ಅವಳು ಒಂದು ಕ್ಷಣ ಅವನನ್ನೇ ನೋಡಿ ಮೆಟ್ಟಿಲು ಹತ್ತಿದಳು. ಆಮೇಲೆ ಅವನು ಚೀಟಿ ನೋಡಿದ. ಕೊನೆಯ ಅಂಕಿ ಒಂಬತ್ತು! ಒಂಬತ್ತಕ್ಕೆ ಯಾವ ಲೋಹವೂ ಇರಲಿಲ್ಲ. ಲೋಹದ ಹೆಸರು ಬರೆಯುವ ಜಾಗವೂ ಖಾಲಿ. ಮುಂದಿದ್ದ ಹನ್ನೆರಡು ಮುಚ್ಚಳಗಳೋ ಬೆಳ್ಳಗೆ ಹೊಳೆಯುವ ಸ್ಟೀಲು.

ಅವಳು ತಪ್ಪಿದ್ದಾಳೆ! ಚೀಟಿಯಲ್ಲಿದ್ದಂತೆ ಕೆತ್ತಿದರೆ ಅವಳ ಕೆಲಸ ಹೋಗುತ್ತದೆ. ಮೇಲೆ ಹೋಗಿ ಹೇಳಿದರೆ ಅವಳ ಮುಖ ಬಾಡುತ್ತದೆ, ಆ ಬಾಡಿದ ಮುಖಕ್ಕೆ ಕಾರಣ ತಾನಾಗಬೇಕು. ಚೀಟಿಯಲ್ಲಿರುವ ಅಂಕಿಯನ್ನು ಕೆತ್ತುವವನು ಬದಲಿಸಕೂಡದು ಎನ್ನುವುದು ಅಲ್ಲಿನ ಮೊದಲ ನಿಯಮ. ಆದರೂ ಊಟದ ಹೊತ್ತು ದಾಟುವವರೆಗೂ ಯೋಚಿಸಿದ ಮೇಲೆ ಅವನು ಮೊದಲ ಮುಚ್ಚಳವನ್ನು ವೈಸಿಗೆ ಬಿಗಿದು, ಉಸಿರು ಬಿಗಿಹಿಡಿದು, ಕೊನೆಯಲ್ಲಿ ಸೊನ್ನೆ ಕೆತ್ತಿಬಿಟ್ಟ. ಹೆದರಿದ ಕೈಗೆ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿರುವುದೂ ತಿಳಿಯಲಿಲ್ಲ.

ವೈಸು ಸಡಿಲಿಸಿ ಅಂಗೈಗೆ ಹಾಕಿಕೊಂಡಾಗ ತಿಳಿಯಿತು. ಮುಚ್ಚಳ ಭಾರವಾಗಿತ್ತು. ಸ್ಟೀಲು ಇಷ್ಟು ಭಾರವಿರುವುದಿಲ್ಲ.

ಪಕ್ಕದ ಮೇಜಿನ ಪಾಲಿಶ್ ಅಜ್ಜ ಇಣುಕಿದರು. "ಏನು ಮಾಡ್ಬಿಟ್ಟೆ ಮಾರಾಯ! ಅದು ಬಿಳಿ ಬಂಗಾರ ಕಣೋ. ನಮ್ಮಲ್ಲಿ ಇದೇ ಮೊದಲು. ನಾನು ಉಜ್ಜಿದಾಗ್ಲೇ ಗೊತ್ತಾಯ್ತು. ಅದಕ್ಕೇ ಹೊಸ ಅಂಕಿ ಕೊಟ್ಟಿರ್ತಾಳೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

"ನಾಲ್ಕಕ್ಕೆ ಯಜಮಾನ್ರು ನೋಡೋಕೆ ಬರ್ತಾರೆ," ಅಜ್ಜ ದನಿ ತಗ್ಗಿಸಿದರು. "ಚೀಟಿ ಹರಿದು ಬಿಸಾಕು. ತಪ್ಪು ಬರ್ಕೊಟ್ಟಿದ್ದು ಅವಳೇ ಅಂತ ಆಗುತ್ತೆ. ನಿನ್ನ ತಲೆ ಉಳಿಯುತ್ತೆ."

"ಅವರ ತಲೆ?"

"ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ. ನಿಂಗೆ ಅದೊಂದಿಲ್ವಲ್ಲ!"

ಮೂರೂವರೆಯಾಗಿತ್ತು. ಅವನು ಚೀಟಿಯನ್ನೂ ಮುಚ್ಚಳವನ್ನೂ ಹಿಡಿದು ಎದ್ದ. ಮೂರು ವರ್ಷದಲ್ಲಿ ಒಮ್ಮೆಯೂ ಹತ್ತದ ಮೆಟ್ಟಿಲು ಅವು, ಇಪ್ಪತ್ತೆರಡಿದ್ದವು. ಹತ್ತನೆಯದರಲ್ಲಿ ಗೋಡೆ ಹಿಡಿದು ನಿಂತ. ತಪ್ಪು ಒಪ್ಪಿಕೊಳ್ಳುವುದು ದೊಡ್ಡದಲ್ಲ. ಯಾಕೆ ಮಾಡಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಅದಕ್ಕಿರುವುದು ಒಂದೇ ಉತ್ತರ. ಅದನ್ನು ಕೇಳಿದ ಮೇಲೆ ಅವಳು ಇನ್ನು ಗುರುವಾರಗಳಂದು ಬರದಿದ್ದರೆ?

ಅವಳ ಕೋಣೆಯಲ್ಲಿ ಗೋಡೆ ತುಂಬಾ ಹಳೆಯ ರಿಜಿಸ್ಟರುಗಳು. ಅವನು ಮುಚ್ಚಳವನ್ನು ಮೇಜಿನ ಮೇಲಿಟ್ಟ. ಅವಳು ಭೂತಗನ್ನಡಿಯಲ್ಲಿ ನೋಡಿದಳು. ಮುಖ ಬಿಳುಚಿತು.

"ಸೊನ್ನೆ ಯಾಕೆ ಕೆತ್ತಿದ್ರಿ?"

"ನೀವು ತಪ್ಪಿದೀರ ಅಂದ್ಕೊಂಡೆ."

"ಮೇಲೆ ಬಂದು ಕೇಳಬಹುದಿತ್ತಲ್ಲ!"

"ಹೆದರಿಕೆ ಆಯ್ತು. ನಿಮ್ಮ ಕೆಲಸ ಹೋದ್ರೆ..." ಅವನು ಕನ್ನಡಕ ತೆಗೆದು ಒರೆಸಿದ. "ಗುರುವಾರ ನೀವು ಬರದೇ ಇದ್ರೆ ನಾನು ಆ ವಾರ ಹೇಗೆ ಕಳೀಲಿ? ಮೂರು ವರ್ಷದಿಂದ ಅದೊಂದು ಗಳಿಗೆಗೇ ಕಾಯ್ತಾ ಇದೀನಿ."

ಅವಳ ಕಿವಿಯಿಂದ ಪೆನ್ಸಿಲು ಜಾರಿ ಕೆಳಗೆ ಬಿತ್ತು. ಇಬ್ಬರೂ ಎತ್ತಲಿಲ್ಲ.

"ಲೋಹದ ಹೆಸರು ನಾನೇ ಬರೀಲಿಲ್ಲ," ಎಂದಳು ಕೊನೆಗೆ, ತೀರಾ ಮೆಲ್ಲಗೆ. "ಬೇಕಂತಲೇ. ಒಂಬತ್ತು ನೋಡಿದ್ರೆ, ಇದ್ಯಾವ ಲೋಹ ಅಂತ ಒಂದು ಮಾತು ಕೇಳ್ತೀರಿ ಅಂದ್ಕೊಂಡೆ. ಅಲ್ಲೇ ನಿಂತೂ ನೋಡ್ದೆ. ಎಷ್ಟು ವರ್ಷ ಬರೀ ಆಯ್ತು, ಆಯ್ತು ಅಂತ ಕೇಳಿಸ್ಕೊಳ್ಳಲಿ?"

ಅವನ ಕಣ್ಣು ಮಂಜಾಯಿತು. ಅವಳು ರಿಜಿಸ್ಟರು ತೆರೆದಳು. ಲೋಹದ ಮೇಲೆ ಒಮ್ಮೆ ಬಿದ್ದ ನಂಬರನ್ನು, ಅದು ತಪ್ಪೇ ಆದರೂ, ಇನ್ನೊಂದು ವಾಚಿಗೆ ಕೊಡುವಂತಿಲ್ಲ. ಆ ನಂಬರು ಯಾಕೆ ಸತ್ತಿತು ಎಂದು ಅಲ್ಲಿ ಕಾರಣ ಬರೆದು ಸಹಿ ಹಾಕಬೇಕು.

"ನನ್ನ ಹೆಸರೊಂದೇ ಬರೀರಿ," ಅವನೆಂದ.

"ಸುಮ್ನಿರಿ. ಸುಳ್ಳು ಬರೆಯೋ ರಿಜಿಸ್ಟರಲ್ಲ ಇದು."

ಅವಳು ಬರೆದಳು: 'ಕೆತ್ತುವವನು ಕೇಳಲು ಹೆದರಿದ. ನಂಬರು ಕೊಟ್ಟವಳು ಹೇಳಲು ಹೆದರಿದಳು.' ಮೊದಲು ತಾನು ಸಹಿ ಹಾಕಿದಳು. ಅವನು ಅದರ ಕೆಳಗೆ ಹಾಕಿದ, ಅಕ್ಷರ ಸೊಟ್ಟಗಾಯಿತು.

ಮೆಟ್ಟಿಲ ಮೇಲೆ ಯಜಮಾನರ ಊರುಗೋಲಿನ ಸದ್ದು ಕೇಳಿತು. ಇಬ್ಬರ ಕೆಲಸವೂ ಹೋಗಬಹುದು. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಭಯ ಆಗ್ತಿದೆ ಕಣ್ರೀ."

"ನಂಗೂ." ಊರುಗೋಲು ಬಾಗಿಲ ಹತ್ತಿರ ಬಂದಿತ್ತು. ಈಗಲೂ ಬಾಯಿ ಬಿಡದಿದ್ದರೆ ಎಂಬ ಹೆದರಿಕೆ ಉಳಿದೆಲ್ಲ ಹೆದರಿಕೆಗಳನ್ನು ಮೀರಿ ನಿಂತಿತು. "ಒಂದು ಮಾತು ಕೇಳ್ಲಾ? ಇವತ್ತು ಏನೇ ಆಗ್ಲಿ... ನನ್ನ ಮದುವೆ ಆಗ್ತೀರಾ?"

ಬಾಗಿಲ ಹಿಡಿ ತಿರುಗಿತು. ಅವಳು ಬಾಗಿಲ ಕಡೆ ನೋಡಲೇ ಇಲ್ಲ.

"ಆಯ್ತು," ಎಂದಳು.