ಜಾಲಿ ಗಿಡದಲ್ಲಿ ತೂಗಿದ ವಾಚು

"ರೀ... ಸ್ವಲ್ಪ ನಿಲ್ರಿ! ನಿಮ್ಮ ಪೇಸ್ ಎಷ್ಟ್ರಿ, ಕಿಲೋಮೀಟರಿಗೆ ಎಷ್ಟು ನಿಮಿಷ?"

ಬಳ್ಳಾರಿ ಗುಡ್ಡದ ಕೆಳಗಿನ ರಸ್ತೆ. ಹತ್ತು ಕಿಲೋಮೀಟರ್ ಓಟದ ಕೊನೆಯ ತಿರುವು. ಏದುಸಿರಿನ ಆ ದನಿಗೆ ಜ್ಯೋತಿಲಕ್ಷ್ಮಿ ತಿರುಗಿ ನೋಡಿದಳು. ಬರಿಗಾಲಲ್ಲಿ ಓಡುತ್ತಿದ್ದ ಅವಳನ್ನು ಹಿಡಿಯಲಾಗದೆ, ಹೊಸ ಶೂ, ದೊಡ್ಡ ವಾಚಿನ ಯುವಕನೊಬ್ಬ ಸೋತು ಸುಣ್ಣವಾಗಿದ್ದ.

"ಪೇಸ್ ಗೀಸ್ ಗೊತ್ತಿಲ್ರಿ. ನಮ್ಮೂರಾಗ ಸಿರುಗುಪ್ಪ ಬಸ್ ತಪ್ಪಿದ್ರ, ಓಡಿ ಮುಂದಿನ ಸ್ಟಾಪಿನ್ಯಾಗ ಹಿಡೀತೀನಿ. ಅಷ್ಟ!"

ಅವನು ಓಟ ಮರೆತು ನಿಂತೇಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ.

ಅಯ್ಯೋ, ಈ ನಗು... ಅವಳ ಕಾಲು ಮೊದಲ ಬಾರಿಗೆ ಲಯ ತಪ್ಪಿತು!

ಅವನು ಶಶಿಕಾಂತ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಚಿಕ್ಕ ಕಾರ್ಖಾನೆ ಅವನದು. ಅವಳು ಕುರುಗೋಡಿನ ಶಾಲೆಯೊಂದರಲ್ಲಿ ಆಟ ಕಲಿಸುವ ಅತಿಥಿ ಶಿಕ್ಷಕಿ. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ, ರಜೆ ಬಂದರೆ ಕರೂರಿನ ತಾಯಿಮನೆ. ವರ್ಷ ತುಂಬುವುದರೊಳಗೆ ಎರಡೂ ಮನೆಯವರು ಕೂತು ಮಾತಾಡಿ ಮದುವೆ ಗೊತ್ತು ಮಾಡಿದರು.

ಅಂದು ಅವನೇ ಅವಳ ಮಣಿಕಟ್ಟಿಗೆ ವಾಚು ಕಟ್ಟಿದ.

"ಇದರಾಗ ಸಿಮ್ ಐತಿ. ಫೋನ್ ಬ್ಯಾಡ. ಸ್ಟಾರ್ಟ್ ಒತ್ತಿ ಓಡು, ನೀ ಎಲ್ಲಿ ಅದೀ ಅಂತ ನನ್ನ ಮೊಬೈಲಿನ್ಯಾಗ ಕಾಣತೈತಿ. ನಸುಕಿನ್ಯಾಗ ಕಾಲುವಿ ದಾರಿಗೆ ಒಬ್ಬಾಕಿನ ಹೋಗ್ತಿ... ನನಗ ಜೀವ ನಿಲ್ಲಂಗಿಲ್ಲ."

ಅವಳಿಗೆ ಅಜ್ಜಿಯ ಕಥೆ ನೆನಪಾಯಿತು. ಏಳು ಗುಡ್ಡದಾಚೆ ಹೊರಟ ರಾಜಕುಮಾರ ರಾಣಿಯ ಕೈಗೆ ಮಲ್ಲಿಗೆ ಬಳ್ಳಿ ಕೊಟ್ಟು ಹೇಳುತ್ತಾನೆ: ಇದು ಬಾಡಿದರೆ ನನಗೆ ಕಷ್ಟ ಬಂದಿದೆ ಎಂದು ತಿಳಿ. ಅವಳು ಆ ವಾಚನ್ನು ಹಾಗೆಯೇ ನಂಬಿದಳು. ಓಡುವಾಗ ನಾಯಿ ಕಂಡು ನಿಂತರೂ ಸಾಕು, ಅವನ ಕರೆ ಬಂದು ಮಣಿಕಟ್ಟು ಗುಂಯ್ ಅನ್ನುತ್ತಿತ್ತು.

"ಯಾಕ ನಿಂತಿ?"

"ನಾಯಿ ಬಂತ್ರಿ!"

"ಅದಕ್ಕ ನನ್ನ ನಮಸ್ಕಾರ ಹೇಳು, ಬಿಡತೈತಿ."

ಎಷ್ಟು ಸಿಹಿಯಾಗಿದ್ದವು ಆ ದಿನಗಳು...

ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟರು. ಕರೂರಿನ ಗದ್ದೆಗಳಲ್ಲಿ ನಾಟಿ ಶುರುವಾಯಿತು. ಅದೇ ವಾರ, ಕೂಲಿ ನಾಟಿಗೆ ಹೋಗುವ ಅವಳ ತಾಯಿ ಪಾರಮ್ಮನ ಸೊಂಟ ಹಿಡಿದುಕೊಂಡಿತು.

ನಾಟಿ ಗುಂಪಿನ ಲೆಕ್ಕವೇ ಬೇರೆ. ಎಕರೆಗಟ್ಟಲೆ ಮಾತಾಡಿಕೊಂಡು ಇಳಿಯುವ ಗುಂಪು ಅದು. ಒಂದು ಮನೆಯ ಕೈ ತಪ್ಪಿದರೆ ಆ ಸಾಲು ಉಳಿದವರ ಬೆನ್ನಿಗೆ ಬೀಳುತ್ತದೆ. ಆ ಮನೆಗೆ ಮುಂದೆ ಗುಂಪಿನಲ್ಲಿ ಜಾಗವಿಲ್ಲ.

"ಅವ್ವಾ, ನಿನ್ನ ಸಾಲು ನಾ ಹಚ್ಚತೀನಿ," ಎಂದಳು ಜ್ಯೋತಿ.

ಪಾರಮ್ಮ ಹೌಹಾರಿದಳು. "ಅವರ ಮನಿಯಾಗ ಗೊತ್ತಾದ್ರ? ಮಾತುಕತಿ ದಿನ ಅವರವ್ವ ಕೇಳಿದ್ಲು, 'ಹುಡುಗಿ ಕೂಲಿಗೆ ಹೊಕ್ಕಾಳೇನು?' ಅಂತ. ಇಲ್ಲ ಅಂದೀನಲ್ಲ!"

"ಯಾರು ಹೇಳ್ತಾರ? ಶಾಲಿಗೆ ರಜಾ ಹಾಕೀನಿ, ನಾಕು ದಿನದ ಮಾತು."

ಅವಳು ಬೆಳಗ್ಗೆ ಗದ್ದೆಯವರೆಗೂ ಓಡಿದಳು. ಕೆಸರು ತಾಗಬಾರದೆಂದು ವಾಚು ಬಿಚ್ಚಿ, ಪಂಪ್‌ಸೆಟ್ ಶೆಡ್ಡಿನ ಪಕ್ಕದ ಜಾಲಿ ಗಿಡಕ್ಕೆ ತೂಗುಹಾಕಿದಳು. ಕೈಯಿಂದ ಬಿಚ್ಚಿದರೆ ಅದೂ ನಿಲ್ಲುತ್ತದೆ ಎಂದುಕೊಂಡಳು, ಹುಚ್ಚಿ! ಸ್ಟಾಪ್ ಒತ್ತಲಿಲ್ಲ.

ಬಳ್ಳಾರಿಯಲ್ಲಿ, ಮೊಬೈಲಿನ ನೀಲಿ ಚುಕ್ಕಿ ಐದು ಗಂಟೆ ಕಾಲ ಒಂದೇ ಕಡೆ ನಿಂತಿತ್ತು. ಸುತ್ತ ಗದ್ದೆ. ನಡುವೆ ಒಂಟಿ ಶೆಡ್ಡು. ಎಷ್ಟು ಕರೆ ಮಾಡಿದರೂ ಉತ್ತರವಿಲ್ಲ.

ಸಂಜೆ ಅವನೇ ಕೇಳಿದ. "ಓಡಿದ ಮ್ಯಾಲ ಎಲ್ಲಿದ್ದಿ?"

"ಎಲ್ಲಿರ್ತೀನ್ರಿ... ಮನ್ಯಾಗ. ಮಕ್ಕೊಂಡಿದ್ದೆ."

ಕರೆ ಕಡಿದುಹೋಯಿತು.

ಮರುದಿನ ಹತ್ತರ ಬಿಸಿಲಿಗೆ ಬೈಕೊಂದು ಬದುವಿನ ಹತ್ತಿರ ನಿಂತಿತು. ಶಶಿಕಾಂತ್ ಮೊಬೈಲ್ ನೋಡುತ್ತಾ ನೋಡುತ್ತಾ ಬಂದ.

"ಯಾರಪ? ಹೊಲ ಅಳೆಯಾಕ ಬಂದೀಯೇನು?" ಗುಂಪಿನ ಹಿರಿಯಳು ಎರ್ರೆಮ್ಮ ಕೂಗಿದಳು. ಹೆಂಗಸರು ಕಿಸಕ್ಕೆಂದರು.

ಅವನು ನೇರ ಶೆಡ್ಡಿನತ್ತ ನಡೆದ. ಶೆಡ್ಡಿನ ಬಾಗಿಲು ಒದ್ದ!

"ಜ್ಯೋತೀ! ಹೊರಗ ಬಾ! ಯಾವನದಾನ ಒಳಗ?"

ಒಳಗಿದ್ದದ್ದು ಪಂಪು, ಮತ್ತು ಗೋಡೆಗೆ ಸಾಲಾಗಿಟ್ಟ ಹೆಂಗಸರ ಬುತ್ತಿ ಗಂಟುಗಳು. ಅಷ್ಟೇ.

ತಿರುಗಿದ. ಗಿಡದಲ್ಲಿ ಅಂದೂ ವಾಚು ತೂಗುತ್ತಿತ್ತು. ಕೆಸರಿನಲ್ಲಿ ಇಪ್ಪತ್ತು ಬಾಗಿದ ಬೆನ್ನುಗಳು. ಕಣ್ಣು ಒಂದೊಂದರ ಮೇಲೂ ಓಡಿತು. ಅವಳು ಯಾರು? ಅವನಿಗೆ ತಿಳಿಯಲಿಲ್ಲ.

ಆಗ ಒಂದು ಬೆನ್ನು ನೆಟ್ಟಗಾಯಿತು.

ಮೊಣಕಾಲವರೆಗೆ ಕೆಸರು, ಕೈಯಲ್ಲಿ ಸಸಿ, ಕಣ್ಣಲ್ಲಿ ನೀರಿಲ್ಲ.

"ಇಲ್ಲೇ ಅದೀನ್ರಿ," ಎಂದಳು ಜ್ಯೋತಿ.

ಅವನ ಮುಖದ ರಕ್ತ ಇಳಿಯಿತು. "ನೀ... ನೀ ಮನ್ಯಾಗ ಅಂದಿ. ಸುಳ್ಳು ಯಾಕ ಹೇಳಿದಿ?"

"ನಿಮ್ಮವ್ವನ ಪ್ರಶ್ನೆಗೆ ನಮ್ಮವ್ವ ಹೇಳಿದ ಸುಳ್ಳು ಅದು. ನಾ ಅದನ್ನ ಹೊತ್ತೀನಿ, ತಪ್ಪು ನಂದು. ಆದ್ರ ನೀವು ಮೊದಲು ಏನ್ ಕೇಳಿದ್ರಿ? ನಾ ಹೆಂಗದೀನಿ ಅಂತಲ್ಲ. ಯಾವನದಾನ ಅಂತ!"

"ನನಗ ಹೆದರಿಕಿ ಆಗಿತ್ತು ಜ್ಯೋತಿ..."

"ಹೆದರಿದ್ದು ನನ್ನ ಜೀವಕ್ಕಲ್ರಿ. ನಿಮ್ಮ ಮಾನಕ್ಕ."

ಎರ್ರೆಮ್ಮ ಈಗ ನಗಲಿಲ್ಲ. ಯಾರೂ ನಗಲಿಲ್ಲ. ಜ್ಯೋತಿಗೆ ಹೆಚ್ಚು ನೋವಾದದ್ದು ಆ ಮರುಕವೇ.

ಜ್ಯೋತಿ ಕೆಸರುಗೈಯಲ್ಲೇ ವಾಚು ಇಳಿಸಿ ಅವನ ಅಂಗೈಗೆ ಇಟ್ಟಳು. ಅಜ್ಜಿಯ ಕಥೆಯ ಬಳ್ಳಿ ಕಷ್ಟ ಬಂದರೆ ಮಾತ್ರ ಬಾಡುತ್ತಿತ್ತು... ರಾಜಕುಮಾರ ಯಾರ ಮನೆಯಲ್ಲಿ ಎಷ್ಟು ಹೊತ್ತು ಕೂತ ಎಂದು ಚಾಡಿ ಹೇಳುತ್ತಿರಲಿಲ್ಲ!

ಮತ್ತೆ ಬಗ್ಗಿದಳು. ಅವನು ಹೋದದ್ದನ್ನು ನೋಡಲಿಲ್ಲ.

ಐದು ತಿಂಗಳು ಮಾತಿಲ್ಲ. ಕುರುಗೋಡಿನ ಮೈದಾನದಲ್ಲಿ ಬೆಳಗ್ಗೆ ಓಡುವಾಗ, ನಿಂತ ಕಡೆಯೆಲ್ಲ ಬರಿ ಮಣಿಕಟ್ಟನ್ನು ನೋಡಿಕೊಳ್ಳುತ್ತಿದ್ದಳು. ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಯಾಕಿನ್ನೂ ಕಾಯ್ತಿ, ಲೇ ಮನಸೇ?

ಜನವರಿ. ಎರಡನೇ ಬೆಳೆಯ ನಾಟಿ. ಪಾರಮ್ಮನ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಭಾನುವಾರ ಜ್ಯೋತಿ ಮತ್ತೆ ಕೆಸರಿಗಿಳಿದಿದ್ದಳು, ಈ ಸಲ ಊರಾಚೆಯ ಬೇರೆ ಗದ್ದೆ.

"ಜ್ಯೋತಿ."

ಬದುವಿನ ಮೇಲೆ ಅವನು. ಬೈಕಿಲ್ಲ, ಕೈಯಲ್ಲಿ ಮೊಬೈಲಿಲ್ಲ, ಪ್ಯಾಂಟಿಗೆಲ್ಲ ಧೂಳು. ಬಾಗಿದ ಅಷ್ಟು ಬೆನ್ನುಗಳಲ್ಲಿ ನೇರ ಅವಳನ್ನೇ ನೋಡುತ್ತಿದ್ದ.

ಎದೆ ಬಡಿದುಕೊಂಡಿತು. ದನಿ ಮಾತ್ರ ಕಹಿಯಾಗೇ ಬಂತು. "ಗುರ್ತು ಸಿಕ್ತೇನ್ರಿ ಈ ಸಲ?"

"ಎಲ್ಲಾರಿಗಿಂತ ದೌಡ ಸಾಲು ಮುಗಸಾಕಿ ನೀನ ಇರಬೇಕು ಅಂದ್ಕೊಂಡೆ."

"ನಿಮ್ಮವ್ವಗ ಗೊತ್ತೈತಿ?"

"ಎಲ್ಲಾ ಹೇಳೀನಿ. ಎಂಟು ದಿನ ಮಾತು ಬಿಟ್ಲು. ಆಮ್ಯಾಲ ಅಂದ್ಲು... ಸಣ್ಣಾಕಿದ್ದಾಗ ತಾನೂ ಹತ್ತಿ ಬಿಡಸಾಕ ಹೊಕ್ಕಿದ್ಲಂತ."

"ಮತ್ತ ನಮ್ಮವ್ವನ್ನ ಯಾಕ ಹಂಗ ಕೇಳಿದ್ರು?"

ಅವನು ತಲೆ ತಗ್ಗಿಸಿದ. "ನಾ ಒದ್ದ ಬಾಗಿಲು ನಿತ್ಯ ಕಿವ್ಯಾಗ ಕೇಳತೈತಿ, ಜ್ಯೋತಿ. ತಪ್ಪಾತು."

ಅವಳು ಕೈಯ ಸಸಿಯನ್ನು ಕೆಸರಿಗೆ ಊರಿದಳು. "ಈ ಹೊಲ ಹೆಂಗ ಸಿಕ್ತು?"

"ಕೇಳ್ಕೊಂತ ಬಂದೆ. ಬಸ್ ಸ್ಟ್ಯಾಂಡಿನ್ಯಾಗ, ಹೋಟೆಲಿನ್ಯಾಗ, ದಾರಿಗೆ ಸಿಕ್ಕವರನ್ನೆಲ್ಲ. ಮೂರು ಹೊಲ ತಪ್ಪಿದೆ."

"ಏನಂತ ಕೇಳಿದ್ರಿ?"

"ನೆಲ್ಲು ಹಚ್ಚಾಕ ಹೋಗ್ಯಾಳ ಜ್ಯೋತಿಲಕ್ಷ್ಮಿ ಅಂತ... ನಾ ಮದಿವಿ ಆಗೋ ಹುಡುಗಿ, ಎಲ್ಲಿ ಅದಾಳ್ರಿ ಅಂತ."

ಐದು ತಿಂಗಳು ಬಾರದ ಕಣ್ಣೀರು ಈಗ ಬಂತು. ಒರೆಸಲು ಹೋಗಿ ಕೆನ್ನೆಗೆಲ್ಲ ಕೆಸರಾಯಿತು.

"ಸಿಟ್ಟು ಹೋಗಿಲ್ರಿ ನಂದು."

"ಹೋಗೋದು ಬ್ಯಾಡ. ನಾ ಇಲ್ಲೇ ಇರ್ತೀನಿ."

"ಇನ್ನೂ ಎರಡು ಮಡಿ ಗದ್ದಿ ಹಚ್ಚೋದೈತಿ. ಬದುವಿನ ಮ್ಯಾಲ ಕುಂದರ್ರಿ. ಎಷ್ಟೊತ್ತು ಅಂತ ಕೇಳಬ್ಯಾಡ್ರಿ."

"ಕೇಳಂಗಿಲ್ಲ," ಎಂದು ಅವನು ಕೂತ.